ಜಾದೂ ತಂಬಿಗೆಯ ಬೆಸುಗೆ ಬದಲಾಗಿರುವ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

ಬೀದರಿನ ನಮ್ಮ ಕಾರಖಾನೆಯಲ್ಲಿ ತಯಾರಾಗುವ, ಬರಿದು ಮಾಡಿದರೂ ಮತ್ತೆ ಮತ್ತೆ ನೀರು ಸುರಿಸುವ ಜಾದೂ ತಂಬಿಗೆಗಳಿಗೆ ಇನ್ನು ಮುಂದೆ ಸೀಸ ಬೆರೆತ ಬೆಸುಗೆಯನ್ನು ಬಳಸುವುದಿಲ್ಲ. ಈಗಾಗಲೇ ನಿಮ್ಮ ಬಳಿ ಇರುವ ತಂಬಿಗೆಗಳನ್ನು ತರಿಸಿಕೊಂಡು, ಹಣ ಪಡೆಯದೆ, ಹೊಸದಾಗಿ ಬೆಸೆದು ಕೊಡುತ್ತೇವೆ. ಈ ಕೆಲಸ ಮುಗಿಯುವವರೆಗೆ ಹೊಸ ಬೇಡಿಕೆಗಳು ತಡವಾಗುತ್ತವೆ. ಇದರ ಕಾರಣವನ್ನು ತಿಳಿಸುವಾಗ ನಮ್ಮ ಉಸ್ತಾದರ ವಿಷಯವನ್ನೂ ಹೇಳಲೇಬೇಕು. ನೀವು ರಂಗದ ಮೇಲೆ ಹಿಡಿಯುವ ನಮ್ಮ ಪ್ರತಿಯೊಂದು ತಂಬಿಗೆಯೂ ಅವರ ಕೈಯಿಂದಲೇ ಬಂದದ್ದು.

ಉಸ್ತಾದರದು ಕಲಾಯಿ ಕೆಲಸದ ಮನೆತನ. ಹುಡುಗನಾಗಿದ್ದಾಗ ತಂದೆಯ ಹಿಂದೆ ಓಣಿ ಓಣಿ ತಿರುಗಿ, ತಿದಿ ಒತ್ತಿ, ಕಾದ ತಾಮ್ರದ ಹಂಡೆಗೆ ನವಸಾಗರ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಒರೆಸುತ್ತ ಈ ವಿದ್ಯೆ ಕಲಿತರು. ಮನೆಮನೆಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿ ಕೇಳುವವರು ಕಡಿಮೆಯಾದರು. ಆ ದಿನಗಳಲ್ಲೇ ಜಾತ್ರೆಗೆ ಬಂದಿದ್ದ ಜಾದೂಗಾರರೊಬ್ಬರು ಹಿತ್ತಾಳೆಯ ತಂಬಿಗೆಯೊಂದನ್ನು ಅವರ ಮುಂದಿಟ್ಟು, ‘ಇದು ಎಲ್ಲೂ ಸೋರುವುದಿಲ್ಲ, ಆದರೆ ನೀರು ನಿಲ್ಲಬೇಕಾದಾಗ ನಿಲ್ಲುವುದಿಲ್ಲ’ ಎಂದರಂತೆ. ಬೆಸುಗೆ ಕರಗಿಸಿ ಬಿಚ್ಚಿ ನೋಡಿದಾಗ ಒಳಗೆ ಇನ್ನೊಂದು ಗೋಡೆ ಇತ್ತು. ಅಂದು ರಾತ್ರಿ ಅದನ್ನು ಸರಿಪಡಿಸಿದ ಉಸ್ತಾದರು, ಮರುವಾರವೇ ತಾವಾಗಿ ಒಂದನ್ನು ಮಾಡಿದರು. ಮುಂದೆ ಅದೇ ಅವರ ಬದುಕಾಯಿತು.

ಜಾದೂಗಾರ ಪಿ. ಸಿ. ಸರ್ಕಾರ್ (1913–1971) ಅವರು ಪ್ರದರ್ಶನದ ನಡುನಡುವೆ ಮತ್ತೆ ಮತ್ತೆ ಬರಿದು ಮಾಡುತ್ತಿದ್ದ ‘ವಾಟರ್ ಆಫ್ ಇಂಡಿಯಾ’ದಿಂದ ಹೆಸರಾದ ಈ ಆಟದ ಮರ್ಮ ನಿಮಗೆ ತಿಳಿದದ್ದೇ. ಎರಡು ಗೋಡೆಗಳ ನಡುವಿನ ನೀರು ಹೊರಬರಬೇಕಾದರೆ ಅದರ ಜಾಗಕ್ಕೆ ಗಾಳಿ ಹೋಗಬೇಕು. ಗಾಳಿಯ ಕಿಂಡಿಯನ್ನು ಬೆರಳು ಮುಚ್ಚಿದರೆ ನೀರು ಇದ್ದಲ್ಲೇ ನಿಲ್ಲುತ್ತದೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಅಲ್ಲಿಂದ ನುಸುಳಿ ಆಟ ಕೆಡುತ್ತದೆ. ಆದ್ದರಿಂದ ಉಸ್ತಾದರು ಪ್ರತಿ ತಂಬಿಗೆಯನ್ನೂ ತುಂಬಿ, ಕಿಂಡಿ ಮುಚ್ಚಿ, ಬೋರಲಾಗಿ ಹಿಡಿದು ಕಿವಿಗೆ ಹಚ್ಚಿಕೊಳ್ಳುತ್ತಾರೆ. ಒಮ್ಮೆ ಗ್ರಾಹಕರೊಬ್ಬರು, ಸಭಾಂಗಣ ನಿಶ್ಶಬ್ದವಾಗಿದ್ದಾಗ ಕಿಂಡಿಯ ಸುಯ್ಲು ಮುಂದಿನ ಸಾಲಿಗೆ ಕೇಳುತ್ತದೆ ಎಂದು ಹೇಳಿದ್ದಕ್ಕೆ, ಅದರ ಅಂಚನ್ನು ಒಳಮುಖವಾಗಿ ನಯಗೊಳಿಸುವ ಕ್ರಮವನ್ನು ಅವರು ಕಂಡುಕೊಂಡರು. ಯಾರ ಕಣ್ಣಿಗೂ ಬೀಳದ ಒಳಗೋಡೆಯ ಹಿಂಭಾಗಕ್ಕೂ ಅವರು ಕಲಾಯಿ ಹಾಕುತ್ತಾರೆ ಎಂಬುದನ್ನು ಇಲ್ಲಿ ಹೇಳದಿದ್ದರೆ ನಮಗೆ ಸಮಾಧಾನವಿಲ್ಲ.

ಇಷ್ಟು ವರ್ಷ ನಾವು ಬಳಸಿದ್ದು ತವರ ಮತ್ತು ಸೀಸದ ಬೆಸುಗೆ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುವುದರಿಂದ ತೆಳುವಾದ ತಗಡು ಸೊಟ್ಟಗಾಗುವುದಿಲ್ಲ, ಸಂದಿಯೊಳಕ್ಕೆ ಸಲೀಸಾಗಿ ಇಳಿಯುತ್ತದೆ. ತಂಬಿಗೆಯ ನೀರನ್ನು ಯಾರೂ ಕುಡಿಯುವುದಿಲ್ಲ ಎಂದು ನಾವು ಭಾವಿಸಿದ್ದೆವು. ಆದರೆ ಶಾಲೆಗಳಲ್ಲಿ ಪ್ರದರ್ಶನ ಕೊಡುವ ಇಬ್ಬರು ಗ್ರಾಹಕರು, ಅದು ನಿಜವಾದ ನೀರೇ ಎಂದು ತೋರಿಸಲು ಮಕ್ಕಳಿಗೆ ಕುಡಿಸುತ್ತೇವೆಂದು ಮಾತಿನ ನಡುವೆ ಹೇಳಿದರು. ಒಬ್ಬರಂತೂ ಮಜ್ಜಿಗೆ ತುಂಬುತ್ತಿದ್ದರು. ಹುಳಿ ಪದಾರ್ಥಕ್ಕೆ ಸೀಸ ಹೆಚ್ಚು ಬಿಟ್ಟುಕೊಳ್ಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಹಾನಿಕರ, ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ತಪ್ಪು ನಮ್ಮದು, ಅದಕ್ಕಾಗಿ ಕ್ಷಮೆ ಕೋರುತ್ತೇವೆ.

ವಿಷಯ ಕೇಳಿದ ದಿನ ಉಸ್ತಾದರು ಊಟ ಮಾಡಲಿಲ್ಲ. ಮರುದಿನದಿಂದಲೇ ಅಲ್ಪ ತಾಮ್ರ ಬೆರೆತ ತವರದ ಬೆಸುಗೆಯಲ್ಲಿ ಪ್ರಯತ್ನ ಆರಂಭಿಸಿದರು. ಅದು ಕರಗುವುದು 227 ಡಿಗ್ರಿಗೆ. ಆ ಕಾವಿಗೆ ಒಳಗೋಡೆ ಉಬ್ಬಿ, ಸಾಲಾಗಿ ಏಳು ತಂಬಿಗೆಗಳು ಕೆಟ್ಟವು. ಕೊನೆಗೆ ಹೊಟ್ಟೆಯ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಕೊರಳ ಮಡಿಕೆಯನ್ನು ಸ್ವಲ್ಪ ಅಗಲ ಮಾಡಿ, ಕಾವನ್ನು ಅಂಚಿಗೆ ಮಾತ್ರ ಕೊಡುವ ಹದ ಸಿಕ್ಕಿತು. ಹೊಸ ತಂಬಿಗೆ ಹಳೆಯದಕ್ಕಿಂತ ತುಸು ಭಾರವಿರುತ್ತದೆ. ಕಿಂಡಿ ಇದ್ದಲ್ಲೇ ಇರುವುದರಿಂದ ನಿಮ್ಮ ಹಿಡಿತ ಬದಲಾಗಬೇಕಿಲ್ಲ. ಬಿದರಿಯಲ್ಲೇ ಮಾಡಿಕೊಡಿ ಎಂದು ಕೇಳಿರುವವರಿಗೆ ಒಂದು ಮಾತು: ಬಿದರಿಯ ಲೋಹದಲ್ಲಿ ಸತುವೇ ಪ್ರಧಾನ. ಅದು ಎರಕಕ್ಕೆ ಒಗ್ಗುತ್ತದೆ, ತೆಳ್ಳಗೆ ಬಡಿಯಲು ಹೋದರೆ ಒಡೆಯುತ್ತದೆ.

ಹೊಸ ಬೆಸುಗೆಯ ತಂಬಿಗೆಗಳ ತಳದಲ್ಲಿ ‘ತ’ ಎಂಬ ಅಕ್ಷರವನ್ನು ಒತ್ತಿರುತ್ತೇವೆ. ಅಲ್ಲಿ ಉಸ್ತಾದರ ಹೆಸರೇ ಇರಲಿ ಎಂಬುದು ನಮ್ಮ ಆಸೆಯಾಗಿತ್ತು. ನೆದರ್ಲೆಂಡ್ಸ್‌ನಲ್ಲಿ 1875ರಲ್ಲಿ ಹುಟ್ಟಿದ ಜಾದೂಗಾರ ಥಿಯೋ ಬ್ಯಾಂಬರ್ಗ್ ಅವರು ‘ಒಕಿಟೊ’ ಎಂಬ ಹೆಸರಿನಲ್ಲಿ ಆಟವನ್ನೂ ಆಡಿದರು, ಸಾಮಗ್ರಿಯನ್ನೂ ಮಾಡಿದರು. ನಾಣ್ಯದ ಜಾದೂಗೆ ಬಳಸುವ ಪುಟ್ಟ ಡಬ್ಬಿಯೊಂದು ಇಂದಿಗೂ ಅವರ ಹೆಸರಿನಿಂದಲೇ ಕರೆಸಿಕೊಳ್ಳುತ್ತದೆ. ಇದನ್ನು ಹೇಳಿದಾಗ ಉಸ್ತಾದರು, ‘ಅವರು ರಂಗದ ಮೇಲೆ ನಿಂತವರು. ನನ್ನದು ಒಳಗಿನ ಗೋಡೆ. ತವರದ ಗುರುತು ಸಾಕು’ ಎಂದರು.

‘ತ’ ಗುರುತಿಲ್ಲದ ತಂಬಿಗೆಯಿಂದ ದಯವಿಟ್ಟು ಯಾರಿಗೂ ಕುಡಿಯಲು ಕೊಡಬೇಡಿ. ಹಳೆಯ ಬೆಸುಗೆಯ ಮೇಲೆ ಹೊಸದನ್ನು ಹಚ್ಚಿಸುವುದರಿಂದ ಪ್ರಯೋಜನವಿಲ್ಲ. ಸಂದಿಯನ್ನು ಪೂರ್ತಿ ಬಿಚ್ಚಿ ಕೆರೆಯಲೇಬೇಕು. ಮಕ್ಕಳ ಮುಂದೆ ಆಡುವವರ ತಂಬಿಗೆಗಳನ್ನು ಮೊದಲು ಕೈಗೆತ್ತಿಕೊಳ್ಳುತ್ತೇವೆ, ಆದ್ದರಿಂದ ಕಳುಹಿಸುವಾಗ ಆ ವಿಷಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ ಇರುತ್ತದೆ. ಕಾಯಲಾಗದವರಿಗೆ ಮುಂಗಡವನ್ನು ಹಿಂದಿರುಗಿಸುತ್ತೇವೆ. ಕಳುಹಿಸುವ ಮುನ್ನ ಒಳಗಿನ ನೀರನ್ನೆಲ್ಲ ಬಸಿದು, ಕಿಂಡಿ ತೆರೆದಿಟ್ಟು ಎರಡು ದಿನ ಬಿಸಿಲಿಗೆ ಒಣಗಿಸಿರಿ. ಒಳಗೆ ನೀರು ಉಳಿದ ತಂಬಿಗೆ ಬೆಂಕಿ ಕಂಡರೆ ಆವಿ ಚಿಮ್ಮಿ ಉಸ್ತಾದರ ಕೈ ಸುಡುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕಾರಖಾನೆಯ ಪರವಾಗಿ, ಬೀದರ್