ಮೊದಲ ರ‍್ಯಾಕೆಟ್ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ನಮ್ಮ ಟೆನಿಸ್ ಗುಂಪಿಗೆ ಹೊಸದಾಗಿ ಸೇರಿದವರು ದಯವಿಟ್ಟು ತಾರೆಯರ ರ‍್ಯಾಕೆಟ್‌ಗೆ ಮರುಳಾಗಬೇಡಿ. ಫೆಡರರ್ ಹೆಸರಿನ ವಿಲ್ಸನ್ ಆರ್‌ಎಫ್97 ತಂತಿ ಹಾಕುವ ಮೊದಲೇ 340 ಗ್ರಾಂ ತೂಗುತ್ತದೆ. ನೋಡಲು ಚೆಂದ, ಕಲಿಯುವವರ ತೋಳಿಗೆ ಶಿಕ್ಷೆ. ವಯಸ್ಕರಿಗೆ 27 ಇಂಚು ಉದ್ದ, 260ರಿಂದ 285 ಗ್ರಾಂ ತೂಕ, 100ರಿಂದ 105 ಚದರ ಇಂಚಿನ ತಲೆ (ತಂತಿ ಹೆಣೆದ ಭಾಗ) ಇದ್ದರೆ ಸಾಕು. ತಲೆ ದೊಡ್ಡದಿದ್ದಷ್ಟೂ ನಡುವಿಗೆ ತಾಗದ ಚೆಂಡೂ ಬಲೆ ದಾಟುತ್ತದೆ.

ಹಿಡಿಯ ಅಳತೆಯನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಹಿಡಿಯನ್ನು ಸುತ್ತಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ಅನುಮಾನವಿದ್ದರೆ ಚಿಕ್ಕದನ್ನೇ ಆರಿಸಿ. ಮೇಲೊಂದು ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ತೆಳ್ಳಗಾಗಿಸುವುದು ಕಷ್ಟ.

ತಂತಿಯ ವಿಷಯದಲ್ಲಿ ಅಂಗಡಿಯವರು ಪಾಲಿಯೆಸ್ಟರ್ ಹೊಗಳಿದರೆ ನಯವಾಗಿ ಬೇಡವೆನ್ನಿ. ಅದು ಬಿರುಸು, ಮೊಣಕೈ ನೋವಿಗೆ ದಾರಿ. ಸಿಂಥೆಟಿಕ್ ಗಟ್ ಎಂಬ ನೈಲಾನ್ ತಂತಿ ಅಗ್ಗ, ಮೃದು.

ಮಕ್ಕಳಿಗೆ ‘ಬೆಳೆಯುತ್ತಾರಲ್ಲ’ ಎಂದು ದೊಡ್ಡವರ ರ‍್ಯಾಕೆಟ್ ಕೊಡಿಸಬೇಡಿ. ಎತ್ತರಕ್ಕೆ ತಕ್ಕಂತೆ 19ರಿಂದ 26 ಇಂಚಿನವು ಸಿಗುತ್ತವೆ.

ಶನಿವಾರ ಬೆಳಿಗ್ಗೆ ಹಳಬರು ತಮ್ಮ ಹೆಚ್ಚುವರಿ ರ‍್ಯಾಕೆಟ್ ತನ್ನಿ. ಹೊಸಬರು ಆಡಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.