ಕ್ಯಾಟಮರಾನ್ ದೋಣಿಯ ಅಡ್ಡಗೋಡೆ ಬಿಟ್ಟುಕೊಂಡಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ದೋಣಿ ತಯಾರಿಕಾ ವಿಭಾಗ

ಮಾನ್ಯರೆ,

ಹೇಮಾವತಿ ಹಿನ್ನೀರಿನಲ್ಲಿ ಓಡಿಸಲು ನಿಮ್ಮಿಂದ ಕೊಂಡ 24 ಅಡಿಯ ಫೈಬರ್ ಕ್ಯಾಟಮರಾನನ್ನು (ಎರಡು ಒಡಲಿನ ಜೋಡಿ ದೋಣಿ) ಬಿರುಕು ಕಂಡದ್ದರಿಂದ ಗೊರೂರಿನ ದಡಕ್ಕೆ ಎಳೆದು ನಿಲ್ಲಿಸಿದ್ದೇವೆ. ನೋಡಲು ಬಂದ ನಿಮ್ಮ ಕೆಲಸಗಾರರು ‘ಜೆಲ್‌ಕೋಟ್ ಬಿರುಕು, ಪುಟ್ಟಿ ಹಚ್ಚಿದರೆ ಸಾಕು’ ಎಂದು, ಅಂದರೆ ಹೊರಮೈಯ ಹೊಳಪು ಪದರ ಮಾತ್ರ ಬಿರಿದಿದೆ ಎಂದು, ಬರೆದುಕೊಟ್ಟು ಹೋಗಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ.

ಏಟು ಬಿದ್ದ ಬಿರುಕು ನಕ್ಷತ್ರದ ಹಾಗೆ ಸುತ್ತ ಹರಡುತ್ತದೆ. ಇಲ್ಲಿರುವುದು ಹಾಗಿಲ್ಲ. ಒಡಲು ನಡುವಿನ ಡೆಕ್ಕಿಗೆ ಸೇರುವ ಮೂಲೆಯಲ್ಲಿ, ಒಡಲೊಳಗೆ ಅಡ್ಡಲಾಗಿ ಕೂರಿಸಿದ ಮುಂದಿನ ಅಡ್ಡಗೋಡೆಯ ನೇರಕ್ಕೆ, ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಓಡಿವೆ. ಆ ಜಾಗ ಬಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಓರೆಯಾಗಿ ಅಲೆ ಬಂದಾಗ ಒಂದು ಒಡಲಿನ ಮೂತಿ ಏಳುತ್ತದೆ, ಇನ್ನೊಂದರದು ಇಳಿಯುತ್ತದೆ. ಆ ತಿರುಚನ್ನು ತಡೆಯಬೇಕಾದದ್ದು ಅಡ್ಡಗೋಡೆಗಳೇ.

ಒಳಗಿನ ಮುಚ್ಚಳ ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಅಡ್ಡಗೋಡೆಯನ್ನು ಒಡಲಿಗೆ ಹಿಡಿದಿರುವ ಗ್ಲಾಸ್ ಪಟ್ಟಿ ಒಂದೇ ಬದಿಗಿದೆ, ಅದೂ ಎರಡಿಂಚು ಅಗಲದ ಬರೀ ಮ್ಯಾಟ್ (ತುಂಡು ಎಳೆಗಳ ಹಾಸು). ಅಂಚಿಗೆ ಉಳಿ ತಾಗಿಸಿದರೆ ಒಂದಡಿ ಉದ್ದಕ್ಕೆ ಸಿಪ್ಪೆಯಂತೆ ಎದ್ದು ಬಂತು. ಪಟ್ಟಿಯ ಕೆಳಗಿನ ಮೈ ಇನ್ನೂ ಫಳಫಳ ಹೊಳೆಯುತ್ತಿತ್ತು, ಒಂದೆಳೆ ಗ್ಲಾಸೂ ಅಂಟಿಕೊಂಡಿರಲಿಲ್ಲ. ಒಣಗಿದ ರೆಸಿನ್ನನ್ನು (ಗ್ಲಾಸ್ ಹಿಡಿದಿಡುವ ಅಂಟು) ಉಜ್ಜದೆ ಅದರ ಮೇಲೆಯೇ ಪಟ್ಟಿ ಹಾಕಿದರೆ ಆಗುವುದು ಇದೇ. ಜನರನ್ನು ಕೂರಿಸಿಕೊಂಡು ಹೋಗುವ ದೋಣಿಗೆ ಹೀಗೆ ಮಾಡಬಾರದಿತ್ತು.

ಹಗ್ಗ ಕಟ್ಟುವ ಕ್ಲೀಟಿನ ಬೋಲ್ಟ್ ಬಿಚ್ಚಿದರೆ ತೂತಿನಿಂದ ನೀರು ಒಸರುತ್ತದೆ. ಅಲ್ಲಿ ಗ್ಲಾಸ್ ಪದರಗಳ ನಡುವಿನ ಹಗುರ ಫೋಮ್ ತೆಗೆದು ಗಟ್ಟಿ ಗ್ಲಾಸ್ ತುಂಬಬೇಕಿತ್ತು, ನೀವು ಫೋಮಿನಲ್ಲೇ ತೂತು ಕೊರೆದಿದ್ದೀರಿ. ನಾಣ್ಯದಿಂದ ತಟ್ಟಿದರೆ ಸುತ್ತ ಒಂದು ಗೇಣು ಬೊದ್ದೆನ್ನುತ್ತದೆ, ಅದರಾಚೆ ಠಣ್ಣೆನ್ನುತ್ತದೆ. ಅಂದರೆ ಅಷ್ಟಗಲ ಫೋಮ್ ನೀರು ಕುಡಿದಿದೆ.

ಆಗಬೇಕಾದ ಕೆಲಸ ಇದು. ಹಳೆಯ ಪಟ್ಟಿಯನ್ನೆಲ್ಲ ಕಿತ್ತು, ಹೊಳಪು ಪೂರ್ತಿ ಹೋಗುವವರೆಗೆ 40 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಧೂಳು ತೆಗೆದು ಅಸಿಟೋನಿನಲ್ಲಿ ಒರೆಸಬೇಕು. ಮೂಲೆಗೆ ದಪ್ಪ ಎಪಾಕ್ಸಿ ರೆಸಿನ್ ತುಂಬಿ ದುಂಡಗೆ ಮಾಡಿ, ಎಳೆಗಳು 45 ಡಿಗ್ರಿ ಓರೆಯಿರುವ ಬೈಯಾಕ್ಸಿಯಲ್ ಬಟ್ಟೆಯನ್ನು ಎರಡೂ ಬದಿಗೆ ಮೂರು ಪದರ ಹಾಕಬೇಕು. ಅಗಲ 4, 6, 8 ಇಂಚು ಇರಲಿ, ಅಂಚೆಲ್ಲ ಒಂದೇ ಗೆರೆಗೆ ಮುಗಿಯಬಾರದು. ಒದ್ದೆ ಫೋಮ್ ಪೂರ್ತಿ ಹೊರಗೆ ಬರಬೇಕು. ಇಲ್ಲಿಯ ಬೆಳಗಿನ ಚಳಿಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಜಾಸ್ತಿ ಹಾಕುವ ಉಪಾಯ ಎಪಾಕ್ಸಿಗೆ ನಡೆಯುವುದಿಲ್ಲ, ಅಳತೆ ತಪ್ಪಿದರೆ ಮೆತ್ತಗೇ ಉಳಿಯುತ್ತದೆ. ಶೆಡ್ ಬೆಚ್ಚಗಿಟ್ಟುಕೊಂಡು ಮಾಡಿ.

ಹಿಂದಿನ ಅಡ್ಡಗೋಡೆಯನ್ನೂ ಬಿಚ್ಚಿ ತೋರಿಸಬೇಕು. ಯಾವ ಜಾಗಕ್ಕೆ ಎಷ್ಟು ಪದರ, ಯಾವ ರೆಸಿನ್ ಎಂಬ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು. ಇಷ್ಟೂ ನಿಮ್ಮ ಖರ್ಚಿನಲ್ಲಿ 15 ದಿನದೊಳಗೆ ಶುರುವಾಗಬೇಕು. ಕೆಲಸ ಮುಗಿದ ಮೇಲೆ ನಿಮಗೆ ಸಂಬಂಧವಿಲ್ಲದ ಸರ್ವೇಯರ್ ತಟ್ಟಿ ನೋಡಿ ಸರಿ ಎನ್ನುವ ತನಕ ಉಳಿದ ಕಂತು ಕೊಡುವುದಿಲ್ಲ, ಒಬ್ಬ ಪ್ರಯಾಣಿಕರನ್ನೂ ಹತ್ತಿಸುವುದಿಲ್ಲ. ಇದು ನಮ್ಮ ಹೊಟ್ಟೆಪಾಡಿಗೆಂದು ಕೊಂಡ ದೋಣಿ. ಉತ್ತರ ಬಾರದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಕಿತ್ತ ಪಟ್ಟಿಯ ತುಂಡನ್ನು ಈ ಪತ್ರದ ಜೊತೆ ಕಳಿಸಿದ್ದೇವೆ.

ಇಂತಿ,
ದೋಣಿ ನಡೆಸುವವರು,
ಗೊರೂರು, ಹಾಸನ ಜಿಲ್ಲೆ