ಮಗಳಿಗೊಂದು ಪತ್ರ: ಸಂಜೆ ಕರೆದರೆ ಹೋಗು

ಪುಟ್ಟೀ,

ನಿನ್ನೆ ರಾತ್ರಿ ನೀನು ಚೆನ್ನೈ ಪಕ್ಕದ ಚೋಳಮಂಡಲದಿಂದ, ಆ ಕಲಾವಿದರ ಹಳ್ಳಿಯಿಂದ, ಮಾತಾಡಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. "ಅಮ್ಮ, ಇಲ್ಲಿ ಸಂಜೆ ಆದ್ರೆ ಸಾಕು, ಯಾರಾದ್ರೂ ಬಾಗಿಲು ತಟ್ಟುತ್ತಾರೆ, ಟೀ ಅಂತಾರೆ, ಯಾರದೋ ಶೋ ಅಂತಾರೆ, ಬೀಚಿಗೆ ಅಂತಾರೆ, ನಾನು ಬಂದಿದ್ದು ಕೆಲಸ ಮಾಡೋಕೆ, ಹೀಗೇ ಆದ್ರೆ ವಾಪಸ್ ಬಂದ್ಬಿಡ್ತೀನಿ" ಅಂದೆಯಲ್ಲ, ನಾನು "ನೋಡು, ನಿನ್ನಿಷ್ಟ" ಅಂದುಬಿಟ್ಟೆ. ಹಾಗನ್ನಬಾರದಿತ್ತು. ನನಗೆ ಹೇಳುವುದಿತ್ತು. ಫೋನಲ್ಲಿ ನನಗೆ ಮಾತು ಸರಿಯಾಗಿ ಬರುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಾಪಸ್ ಬರಬೇಡ. ಸಂಜೆ ಕರೆದರೆ ಹೋಗು.

ಇಲ್ಲಿ ಭರಣಿ ಮಳೆ ಎರಡು ದಿನ ಸುರಿದು ಮೈಸೂರು ತಣ್ಣಗಾಗಿದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯೋಕೆ ಹಿತವಾಗಿದೆ. ನಿನ್ನ ಕಡೆ ಅಗ್ನಿ ನಕ್ಷತ್ರದ ಬಿಸಿಲು, ಬೆವರು, ಆ ಅಂಟು ಗಾಳಿ ಎಲ್ಲ ನನಗೂ ಗೊತ್ತು. ಮಧ್ಯಾಹ್ನ ಭೂಮಿ ಕಾದು ಅಲ್ಲಿನ ಗಾಳಿ ಮೇಲೆದ್ದ ಮೇಲೆಯೇ ಕಡಲ ಗಾಳಿ ಒಳಗೆ ಬರುವುದು. ಮೇ ಕೊನೆ ಹೊತ್ತಿಗೆ ಪಡುವಣ ಗಾಳಿ ಜೋರಾದರೆ ಅದೂ ತಡವಾಗುತ್ತದೆ. ಅಲ್ಲಿಯವರೆಗೆ ಎಲ್ಲರೂ ಒಳಗೆ ಬಾಗಿಲು ಹಾಕಿಕೊಂಡು ಇರುತ್ತಾರೆ. ಗಾಳಿ ಬಂದ ಕೂಡಲೇ ಎಲ್ಲರೂ ಹೊರಗೆ. ಚೋಳಮಂಡಲದ ಬೇಸಿಗೆ ಸಂಜೆ ಅಂದರೆ ಅದೇ. ಅವರು ಕೆಲಸ ಬಿಟ್ಟು ಹರಟೆಗೆ ಬರುತ್ತಿಲ್ಲ ಪುಟ್ಟಿ. ದಿನವೆಲ್ಲ ಒಬ್ಬೊಬ್ಬರೇ ಬೆಂದು, ಗಾಳಿ ಬಂದಾಗ ಒಬ್ಬರ ಮುಖ ಒಬ್ಬರು ನೋಡೋಕೆ ಬರುತ್ತಾರೆ.

ಆ ಜಾಗ ಹೇಗೆ ಶುರುವಾಯಿತು ಅಂತ ನಿನ್ನ ಮೈಸೂರಿನ ಕಲಾ ಕಾಲೇಜು ಕಾವಾದ ನೋಟ್ಸಿನಲ್ಲಿ ನೀನೇ ಬರೆದುಕೊಂಡಿದ್ದೀಯ. 1966, ಕೆ.ಸಿ.ಎಸ್. ಪಣಿಕ್ಕರ್, ಮದ್ರಾಸಿನ ಸರ್ಕಾರಿ ಕಲಾ ಕಾಲೇಜಿನ ಪ್ರಿನ್ಸಿಪಾಲರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದರ ಹಿಂದೆ ಇದ್ದ ಚಿಂತೆ ಏನು ನೋಡು. ಚೆನ್ನಾಗಿ ಚಿತ್ರ ಬರೆಯುವ ಹುಡುಗರು ಕಾಲೇಜು ಮುಗಿದ ಮೇಲೆ ಯಾವುದೋ ಕೆಲಸಕ್ಕೆ ಸೇರಿ ಚಿತ್ರ ಬಿಟ್ಟೇಬಿಡುತ್ತಿದ್ದರು, ಏಕೆಂದರೆ ಆ ಕಾಲದ ಮದ್ರಾಸಿನಲ್ಲಿ ಹೊಸ ಥರದ ಚಿತ್ರ ಕೊಳ್ಳುವವರೇ ಇರಲಿಲ್ಲ. ಆಗ ಅವರೆಲ್ಲ ಒಟ್ಟಿಗೆ ಕೂತು ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಬಟ್ಟೆ, ಲೋಹದ ಸಾಮಾನು ಮಾಡಿದರು. ಮಾರಿದ ದುಡ್ಡು ಕೂಡಿಟ್ಟು ಇಂಜಂಬಾಕ್ಕಂನಲ್ಲಿ ಕಡಲ ಪಕ್ಕ ಹತ್ತು ಎಕರೆಯಷ್ಟು ಮರಳು ಜಾಗ ಕೊಂಡರು. ಮೂವತ್ತು ನಲವತ್ತು ಜನ. ಒಬ್ಬೊಬ್ಬರೇ ಆಗಿದ್ದರೆ ಒಂದು ಗುಂಟೆಯೂ ಆಗುತ್ತಿರಲಿಲ್ಲ. ನೀನು ಈಗ ವುಡ್‌ಕಟ್ ಹಲಗೆ, ಚಿತ್ರ ಕೆತ್ತಿ ಅಚ್ಚೊತ್ತುವ ಆ ಮರದ ಹಲಗೆ, ಹರಡಿಕೊಂಡು ಕೂತಿರುವ ನೆಲ ಅಂಥ ನೆಲ. ಅಲ್ಲಿ ಒಬ್ಬಳೇ ಕದ ಹಾಕಿಕೊಂಡು ಕೂರುತ್ತೇನೆ ಅಂದರೆ ನನಗೆ ಸಂಕಟವಾಗುತ್ತದೆ.

ಅವರಲ್ಲಿ ಒಬ್ಬರು ನಮ್ಮ ಮೈಸೂರಲ್ಲೇ ಹುಟ್ಟಿದ ಎಸ್.ಜಿ. ವಾಸುದೇವ್. 1970ರ 'ಸಂಸ್ಕಾರ' ಸಿನಿಮಾಕ್ಕೆ ಅವರದೇ ಕಲಾ ನಿರ್ದೇಶನ. ಚೋಳಮಂಡಲದಲ್ಲಿ ಚಿತ್ರ ಬರೆಯುತ್ತಿದ್ದವರು ಕನ್ನಡ ಸಿನಿಮಾಕ್ಕೆ ಹೇಗೆ ಬಂದರು? ಆ ಸಿನಿಮಾದಲ್ಲಿ ನಟಿಸಿದ ಗಿರೀಶ ಕಾರ್ನಾಡರು ಆಗ ಮದ್ರಾಸಿನಲ್ಲೇ ಕೆಲಸದಲ್ಲಿದ್ದರು. ನಾಟಕದವರು, ಚಿತ್ರದವರು, ಬರೆಯುವವರು ಒಬ್ಬರಿಗೊಬ್ಬರು ಗೊತ್ತಿದ್ದರು. ಹಾಗೆ ಗೊತ್ತಾಗುವುದು ಇಂಥ ಸಂಜೆಗಳಲ್ಲೇ ಅಲ್ವಾ?

ನಿನಗೆ ಹೇಳದ ಒಂದು ವಿಷಯ ಇದೆ. 1993ರ ಮೇ ತಿಂಗಳಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ನಾವು ನಾಲ್ಕು ಜನ ಕ್ಲಾಸ್‌ಮೇಟುಗಳು, ರಾತ್ರಿ ರೈಲು ಹಿಡಿದು ಮದ್ರಾಸಿಗೆ ಹೋದೆವು. ಒಬ್ಬಳ ಸೋದರಮಾವನ ಮನೆ ಅಡ್ಯಾರಿನಲ್ಲಿತ್ತು, ಅಲ್ಲೇ ಒಂದು ವಾರ ಉಳಿದುಕೊಂಡೆವು. ಮೂರು ಸಂಜೆ ಬಸ್ಸು ಹತ್ತಿ ಚೋಳಮಂಡಲಕ್ಕೆ ಹೋದೆವು. ಎರಡನೇ ಸಂಜೆ ವಯಸ್ಸಾದ ಕಲಾವಿದರೊಬ್ಬರು ಜಗಲಿ ಮೇಲೆ ತಾಮ್ರದ ತಗಡು ಇಟ್ಟುಕೊಂಡು ಬಡಿಯುತ್ತಿದ್ದರು. ನಮ್ಮನ್ನು ಕರೆದು ಕೂರಿಸಿದರು. ಟೀ ತರಿಸಿದರು. ಆಮೇಲೆ, "ನಿಮ್ಮ ಚೀಲದಲ್ಲಿ ಏನಿದೆ, ತೋರಿಸಿ" ಅಂದರು. ಮೂವರೂ ತೋರಿಸಿದರು. ನಾನು ತೋರಿಸಲಿಲ್ಲ. ಚೀಲದಲ್ಲಿ ಸ್ಕೆಚ್ ಬುಕ್ ಇತ್ತು, ಇಲ್ಲ ಅಂದುಬಿಟ್ಟೆ. ನನಗೆ ತಮಿಳು ಬರುತ್ತಿರಲಿಲ್ಲ, ಇಂಗ್ಲಿಷ್ ಅಂದರೆ ಗಂಟಲು ಕಟ್ಟುತ್ತಿತ್ತು, ಮಂಡ್ಯದ ಕಡೆ ಹಳ್ಳಿಯಿಂದ ಬಂದವಳು, ಇವರ ಮುಂದೆ ನನ್ನದೇನು ಅನ್ನೋ ನಾಚಿಕೆ. ಮೂರನೇ ಸಂಜೆ ತಲೆನೋವು ಅಂತ ಹೇಳಿ ಬೀಚಲ್ಲಿ ಒಬ್ಬಳೇ ಕೂತೆ. ಅವತ್ತು ನನ್ನ ಗೆಳತಿಯೊಬ್ಬಳಿಗೆ ಅವರು, "ಮುಂದಿನ ಬೇಸಿಗೆಗೆ ಬಾ, ತಾಮ್ರದ ಕೆಲಸ ಕಲಿ" ಅಂದರು. ಅವಳು ಹೋದಳು, ಮೂರು ತಿಂಗಳಿದ್ದಳು. ಇವತ್ತಿಗೂ ತಾಮ್ರದಲ್ಲೇ ಕೆಲಸ ಮಾಡುತ್ತಾಳೆ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಡ್ರಾಯಿಂಗ್ ಟೀಚರ್ ಆಗಿ ಸಂತೋಷವಾಗಿಯೇ ಇದ್ದೇನೆ, ಮಕ್ಕಳ ಕೈಗೆ ಬಣ್ಣ ಕೊಡುವುದು ಸಣ್ಣ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ "ಇಲ್ಲ" ಅಂದ ಆ ಒಂದು ಮಾತು ಮೂವತ್ತು ವರ್ಷದಿಂದ ನನ್ನ ಜೊತೆಗೇ ಇದೆ. ಅವರು ನೋಡಿ ಚೆನ್ನಾಗಿಲ್ಲ ಅಂದಿದ್ದರೂ ಆಗುತ್ತಿತ್ತು. ನೋಡಲೇ ಇಲ್ಲವಲ್ಲ.

ನಿನಗೆ ಹಿಂಸೆ ಆಗುತ್ತಿರುವುದು ಟೈಮ್ ಹಾಳಾಗುತ್ತಿದೆ ಅಂತಲಾ, ಇಲ್ಲ ನನ್ನ ಥರ ನಾಚಿಕೆಯಾ? ನನಗೆ ಹೇಳಬೇಕಾಗಿಲ್ಲ. ನೀನೇ ಒಂದು ಸಲ ಕೇಳಿಕೋ.

ಕೂಡಿ ಕೂರುವುದೂ ಕೆಲಸವೂ ಬೇರೆ ಬೇರೆ ಅಂತ ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನಿನ್ನ ಅಜ್ಜಿ ಬೇಸಿಗೆಯಲ್ಲಿ ಸಂಡಿಗೆ ಇಡುವಾಗ ಬೀದಿಯ ಹೆಂಗಸರೆಲ್ಲ ನಮ್ಮ ಮಾಳಿಗೆ ಮೇಲೆ ಇರುತ್ತಿದ್ದರು. ಬೆಳಗಿನ ಜಾವ ಹಿಟ್ಟು ಕಾಯಿಸಿ, ಬಿಸಿಲೇರುವ ಮೊದಲು ಹಳೇ ಪಂಚೆ ಮೇಲೆ ಇಟ್ಟು ಮುಗಿಸಬೇಕು. ಇವತ್ತು ನಮ್ಮನೇದು, ನಾಳೆ ಎದುರು ಮನೇದು. ನಾವು ಮಕ್ಕಳು ಛತ್ರಿ ಹಿಡಿದು ಕಾಗೆ ಕಾಯುತ್ತಿದ್ದೆವು. ಆ ಹೊತ್ತಲ್ಲೇ ಯಾರ ಮಗಳ ಮದುವೆ, ಯಾರ ಗದ್ದೆಗೆ ನಾಲೆ ನೀರು ಬರಲಿಲ್ಲ, ಎಲ್ಲ ಮಾತು. ಹೊಸ ರಂಗೋಲಿ ಬೇಕಾದರೆ ಅಲ್ಲೇ ನೆಲದ ಮೇಲೆ ಹಿಟ್ಟಲ್ಲಿ ಚುಕ್ಕಿ ಇಟ್ಟು ತೋರಿಸುತ್ತಿದ್ದರು. ನನ್ನ ಕೈ ಗೆರೆ ಕಲಿತದ್ದು ಆ ಮಾಳಿಗೆ ಮೇಲೆ, ಯಾವ ಕ್ಲಾಸಿನಲ್ಲೂ ಅಲ್ಲ. ನೀನೂ ಚಿಕ್ಕವಳಿದ್ದಾಗ ರಂಗಾಯಣದ ಚಿನ್ನರ ಮೇಳಕ್ಕೆ ಸೇರಿಸಿದ ಮೊದಲನೇ ದಿನ ನನ್ನ ಸೆರಗು ಬಿಡಲೇ ಇಲ್ಲ. ಕೊನೇ ವಾರ ನಾಟಕಕ್ಕೆ ಮುಖವಾಡ ಮಾಡೋ ಗುಂಪಲ್ಲಿ ಸೇರಿಕೊಂಡು ಮನೆಗೇ ಬರೋಕೆ ಒಪ್ಪಲಿಲ್ಲ. ನೆನಪಿದೆಯಾ?

ಇನ್ನೊಂದು ಊರಿನ ಬಗ್ಗೆ ಹೇಳಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಕೇಪ್ ಕಾಡ್‌ನ ತುದಿಯಲ್ಲಿ ಪ್ರಾವಿನ್ಸ್‌ಟೌನ್ ಅಂತ ಮೀನುಗಾರರ ಊರು. ಪೋರ್ಚುಗೀಸ್ ಮೂಲದ ಬೆಸ್ತರು ಜಾಸ್ತಿ. 1899ರಲ್ಲಿ ಚಾರ್ಲ್ಸ್ ಹಾಥಾರ್ನ್ ಅನ್ನುವವರು ಅಲ್ಲಿ ಬೇಸಿಗೆ ಚಿತ್ರಶಾಲೆ ತೆರೆದರು, ಬಯಲಲ್ಲೇ ಪಾಠ. ಅಲ್ಲಿಂದ ಪ್ರತಿ ಬೇಸಿಗೆಗೂ ಕಲಾವಿದರು ಬಂದು ಸೇರತೊಡಗಿದರು. 1915ರ ಬೇಸಿಗೆಯಲ್ಲಿ ಅಲ್ಲಿ ಸೇರಿದ್ದ ಕೆಲವು ಸ್ನೇಹಿತರು ಬಾಡಿಗೆ ಮನೆಯೊಂದರಲ್ಲಿ ಎರಡು ಪುಟ್ಟ ನಾಟಕ ಆಡಿದರು. ಮೊದಲನೆಯದು ಜಗಲಿ ಮೇಲೆ, ನೋಡುವವರು ಒಳಗೆ. ಎರಡನೆಯದಕ್ಕೆ ಕುರ್ಚಿ ತಿರುಗಿಸಿಕೊಂಡರು, ನೋಡುವವರು ಜಗಲಿ ಕಡೆಗೆ, ನಾಟಕ ಒಳಗೆ. ಅಷ್ಟೇ ವ್ಯವಸ್ಥೆ! ಮರುವರ್ಷ ಹಡಗುಕಟ್ಟೆಯ ಮೇಲಿದ್ದ ಹಳೇ ಮೀನಿನ ಶೆಡ್ಡಿನಲ್ಲಿ ಯೂಜಿನ್ ಓನೀಲ್ ಎಂಬ ಯಾರಿಗೂ ಗೊತ್ತಿರದ ಹುಡುಗನ ನಾಟಕ ಆಡಿದರು. ಹಡಗಿನೊಳಗೆ ಸಾಯುತ್ತಿರುವ ನಾವಿಕನ ಕಥೆ. ಹೊರಗೆ ನಿಜವಾದ ಮಂಜು, ನೆಲದ ಹಲಗೆ ಕೆಳಗೆ ನಿಜವಾದ ಕಡಲ ನೀರಿನ ಸದ್ದು. ಇಪ್ಪತ್ತು ವರ್ಷಕ್ಕೆ, 1936ರಲ್ಲಿ, ಆತನಿಗೆ ನೊಬೆಲ್ ಬಂತು. ನನಗೆ ಮನಸ್ಸಿಗೆ ಹತ್ತಿದ್ದು ನೊಬೆಲ್ ಅಲ್ಲ, ಕುರ್ಚಿ ತಿರುಗಿಸಿಕೊಂಡದ್ದು.

ನಿನ್ನ ಕೆಲಸಕ್ಕೇ ಸಂಬಂಧಪಟ್ಟದ್ದೂ ಅಲ್ಲಿದೆ. ವುಡ್‌ಕಟ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೆತ್ತಬೇಕು ಅಂತ ನೀನು ಗೋಳಾಡುತ್ತೀಯಲ್ಲ, ಅದೇ ಬೇಸರದಲ್ಲಿ ನಾರ್ಡ್‌ಫೆಲ್ಟ್ ಅನ್ನುವವರು 1915ರ ಹೊತ್ತಿಗೆ ಒಂದೇ ಹಲಗೆಯಲ್ಲಿ ಬಣ್ಣ ಬಣ್ಣದ ನಡುವೆ ಸಣ್ಣ ಕಾಲುವೆ ಥರ ಗೆರೆ ಕೊರೆದರು. ಒಂದೊಂದು ಬಣ್ಣವಾಗಿ ಹಚ್ಚಿ ಅಚ್ಚೊತ್ತಿದರೆ ಗೆರೆ ಇದ್ದ ಕಡೆ ಕಾಗದದ ಬಿಳಿ ಉಳಿಯುತ್ತದೆ. ಅವರು ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಜೊತೆಯಲ್ಲಿದ್ದವರೆಲ್ಲ ಕಲಿತರು. ಬ್ಲಾಂಚ್ ಲ್ಯಾಜೆಲ್ ಎಂಬ ಹೆಣ್ಣುಮಗಳು ಅದನ್ನು ಹಿಡಿದು ಎಷ್ಟೋ ವರ್ಷ ಮಾಡಿದಳು, ಇವತ್ತು ಆ ಪದ್ಧತಿ ಅಂದರೆ ಮೊದಲು ನೆನಪಾಗುವುದು ಅವಳ ಹೆಸರೇ. ಆ ಪ್ರಿಂಟಿಗೆ ಊರಿನ ಹೆಸರೇ ಬಂತು. ನಿನ್ನ ಹಲಗೆಯನ್ನು ಜಗಲಿ ಮೇಲೆ ಇಡು. ಯಾರಾದರೂ ನೋಡಿ ಏನಾದರೂ ಅನ್ನಲಿ.

ಎಲ್ಲ ಸಂಜೆಗಳೂ ಚೆನ್ನಾಗೇ ಇರುತ್ತವೆ ಅಂತ ನಾನು ಹೇಳುವುದಿಲ್ಲ. ಕೆಲವರು ಬರೀ ತಮ್ಮ ಬಗ್ಗೆಯೇ ಮಾತಾಡುತ್ತಾರೆ. ಕುಡಿದು ಜೋರು ಮಾಡುವವರು ಇದ್ದರೆ ಎದ್ದು ಬಂದುಬಿಡು, ಮುಲಾಜು ನೋಡಬೇಡ. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ನಿನ್ನದು, ಯಾರು ಕರೆದರೂ ಬಾಗಿಲು ತೆಗೆಯಬೇಡ. ಆ ಹೊತ್ತಲ್ಲಿ ಸೆಕೆಯೂ ಕಡಿಮೆ, ಕೈಯೂ ಹಗುರ. ಅಲ್ಲಿನ ಹವೆಗೆ ಕಾಗದ ತೇವ ಕುಡಿದು ಹಿಗ್ಗುತ್ತದೆ, ಎರಡನೇ ಬಣ್ಣ ಸರಿಯಾಗಿ ಕೂರುವುದಿಲ್ಲ, ಇಂಕ್ ಒಣಗೋಕೆ ಇಲ್ಲಿಗಿಂತ ಜಾಸ್ತಿ ದಿನ ಬೇಕು. ಹೇಗೂ ಕಾಯಬೇಕಲ್ಲ, ಕಾಯುವಾಗ ಜನರ ಜೊತೆ ಇರು.

ಸಂಜೆ ಸೇರುವಾಗ ಯಾರು ಬರುತ್ತಿಲ್ಲ ಅನ್ನುವುದನ್ನೂ ನೋಡುತ್ತಿರು. ಚೋಳಮಂಡಲದ ಮೊದಲ ದಿನಗಳಲ್ಲಿ ಕೆ. ರಾಮಾನುಜಂ ಅಂತ ಒಬ್ಬರಿದ್ದರು. ಒಂಟಿ ಜೀವ. ಇಂಕಿನಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಕನಸಿನ ಅರಮನೆಗಳನ್ನು ಬರೆಯುತ್ತಿದ್ದರು, ಅದರೊಳಗೆ ಟೋಪಿ ಹಾಕಿಕೊಂಡ ತಾವೇ ಇರುತ್ತಿದ್ದರು. 1973ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ಚಿತ್ರ ಅಚ್ಚಾದದ್ದು ನೋಡಿದಾಗೆಲ್ಲ ನನಗೆ ಆ ಟೋಪಿಯವರ ಪಕ್ಕ ಯಾರಾದರೂ ಕೂತಿರಬೇಕಿತ್ತು ಅನಿಸುತ್ತದೆ. ಎರಡು ಸಂಜೆ ಯಾರಾದರೂ ಕಾಣದಿದ್ದರೆ ನೀನೇ ಹೋಗಿ ಬಾಗಿಲು ತಟ್ಟು.

ಮತ್ತೆ, ಬರೀ ಕಲಾವಿದರ ಜೊತೆಗೇ ಇರಬೇಡ. ಈಗ ಅಲ್ಲಿ ಮೀನುಗಾರಿಕೆ ನಿಷೇಧದ ಕಾಲ, ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಪೂರ್ವ ಕರಾವಳಿಯಲ್ಲಿ ಯಂತ್ರದ ದೊಡ್ಡ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಸಮಯ ಅಂತ. ದೋಣಿ ರಿಪೇರಿ, ಬಲೆ ಹೆಣೆಯುವುದು ಎಲ್ಲ ಈಗಲೇ. ಹೋಗಿ ಮಾತಾಡಿಸು. ಕೇಳದೆ ಅವರ ಚಿತ್ರ ಬರೆಯಬೇಡ. ಕಲಾವಿದರು ಬಂದು ನೆಲೆಸಿದ ಕಡಲ ಊರುಗಳಿಗೆ ಆಮೇಲೆ ದುಡ್ಡಿರುವವರು ಬರುತ್ತಾರೆ, ಜಾಗದ ರೇಟು ಏರುತ್ತದೆ, ಮೊದಲಿಂದ ಇದ್ದ ಬೆಸ್ತರಿಗೂ ಹೊಸದಾಗಿ ಬರುವ ಬಡ ಕಲಾವಿದರಿಗೂ ಅಲ್ಲಿ ಇರುವುದೇ ಕಷ್ಟವಾಗುತ್ತದೆ. ಪ್ರಾವಿನ್ಸ್‌ಟೌನಿನಲ್ಲಿ ಹಾಗೇ ಆಯಿತು. ನಿನ್ನ ರಸ್ತೆಯ ಎರಡೂ ಕಡೆ ರೆಸಾರ್ಟುಗಳನ್ನು ನೀನೇ ನೋಡುತ್ತಿದ್ದೀಯ. ಬೆಸ್ತರ ಊರಲ್ಲಿ ನಾವು ಕೂತಿದ್ದೇವೆ ಅನ್ನುವುದು ನೆನಪಿರಲಿ.

ನೀರಿಗೆ ಮಾತ್ರ ಇಳಿಯಬೇಡ. ಆ ಕಡಲು ಮೇಲೆ ಶಾಂತವಾಗಿ ಕಂಡರೂ ಒಳಗೆ ಎಳೆಯುತ್ತದೆ. ಕಾಲು ತೊಳೆದುಕೊಂಡು ಬಾ, ಸಾಕು. ಈಸ್ಟ್ ಕೋಸ್ಟ್ ರೋಡ್ ದಾಟುವಾಗ ಫೋನ್ ಚೀಲದಲ್ಲಿರಲಿ.

ನಿಮ್ಮಪ್ಪ ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿಂದ ರಸಪುರಿ ತಂದಿದ್ದಾರೆ, ಹಣ್ಣು ಕೊರಿಯರಿನಲ್ಲಿ ಕೆಡುತ್ತದೆ ಅಂತ ಕಳಿಸಲಿಲ್ಲ. ಸಾರಿನ ಪುಡಿ, ಬಿಸಿಬೇಳೆ ಬಾತಿನ ಪುಡಿ, ಅರಳು ಸಂಡಿಗೆ ಒಂದು ದೊಡ್ಡ ಡಬ್ಬ ಕಳಿಸಿದ್ದೇನೆ. ಭಾನುವಾರದೊಳಗೆ ಸಿಗಬಹುದು. ಒಂದು ಸಂಜೆ ನೀನೇ ಎಲ್ಲರನ್ನೂ ಕರಿ. ಬಾತು ಮಾಡುವುದು ಗೊತ್ತಲ್ಲ, ಬೇಳೆ ಚೆನ್ನಾಗಿ ಕರಗಬೇಕು, ತುಪ್ಪಕ್ಕೆ ಕೈ ಹಿಡಿಯಬೇಡ. ಸಂಡಿಗೆಯನ್ನು ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕು, ಎರಡೆರಡೇ. ಇಪ್ಪತ್ತು ಜನಕ್ಕೆ ಆಗುವಷ್ಟಿದೆ. ಆ ಹವೆಗೆ ಬೇಗ ಮೆತ್ತಗಾಗುತ್ತದೆ, ಕರಿದದ್ದು ಅವತ್ತೇ ಮುಗಿಸಿಬಿಡಿ.

ನಿನ್ನ ಅಮ್ಮ
ಮೈಸೂರು